ಪರ್ವತದ ಏರು: ನಾಗಲೂಟಿಯಿಂದ ಕೈಲಾಸದ್ವಾರದವರೆಗೆ

ಹೋಳಿ ಹುಣ್ಣಿಮೆ ಸಮೀಪಿಸುತ್ತಿದ್ದಂತೆಯೇ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಸದ್ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ: "ಈ ವರ್ಷ ಪರ್ವತಕ್ಕ ಯಾರ್ಯಾರು ಹೊಂಟೀರಿ?" ಯಾವ ಪರ್ವತವೆಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಮ್ಮ ಜನಕ್ಕೆ ಪರ್ವತವೆಂದರೆ ಶ್ರೀಶೈಲವೊಂದೇ. ಮಲ್ಲಯ್ಯನೆಂದರೆ ಆ ಪರ್ವತದ ಮಲ್ಲಿಕಾರ್ಜುನನೊಬ್ಬನೇ. ಆತನ ಮಡದಿ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳೆಂದೂ ಮಲ್ಲಯ್ಯ ನಮ್ಮ ಮನೆಯ ಅಳಿಯನೆಂದೂ ತಲೆಮಾರುಗಳಿಂದ ನಂಬಿಕೊಂಡು ಬಂದವರು ನಾವು. ಆದುದರಿಂದ ಯುಗಾದಿಯ ಹೊತ್ತಿಗೆ ಮಗಳಿಗೆ ಸೀರೆ, ಕುಪ್ಪಸ, ಬಳೆ, ಅರಿಸಿನ-ಕುಂಕುಮ ಹೊತ್ತು ತವರಿನವರು ಹೊರಡುತ್ತಾರೆ. ನೇಕಾರಿಕೆಯ ಊರಾದ ಬೆಟಗೇರಿಯಿಂದ ಹೊರಟವರ ಗಂಟಿನಲ್ಲಿ ಮಗ್ಗದಿಂದ ಇಳಿದ ಹೊಸ ಸೀರೆಯೊಂದು ಇದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಶ್ರೀಶೈಲಕ್ಕೆ ಹೋಗಲು ಕಷ್ಟವಿಲ್ಲ. ಯುಗಾದಿಯ ಸಮಯದಲ್ಲಿ ನಮ್ಮ ಸಾರಿಗೆ ಸಂಸ್ಥೆಯ ವಿಶೇಷ ಬಸ್ಸುಗಳು ಓಡುತ್ತವೆ. ಸಂಜೆ ಹತ್ತಿದವರು ಮರುದಿನ ದೇವರ ಮುಂದೆ ನಿಲ್ಲಬಹುದು. ಹಾಗಿದ್ದರೂ ಹೆಗಲಿಗೆ ಕಂಬಿ ಏರಿಸಿ, ಹತ್ತಿರ ಹತ್ತಿರ ನಾಲ್ಕು ನೂರು ಕಿಲೋಮೀಟರ್ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಸವೆಸುವ ಸಾವಿರಾರು ಜನ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಪ್ರತಿವರ್ಷವೂ ಹೊರಡುತ್ತಾರೆ. ತುಂಗಭದ್ರೆಯ ಬಯಲನ್ನು ಹಾಯ್ದು, ಆಂಧ್ರದ ಸೀಮೆಯನ್ನು ಹೊಕ್ಕು, ಕರ್ನೂಲನ್ನು ದಾಟಿ ಆತ್ಮಕೂರನ್ನು ಸೇರುವವರೆಗೆ ಅದು ಬಿಸಿಲಿನ ದಾರಿಯೇ ಹೊರತು ಬೆಟ್ಟದ ದಾರಿಯಲ್ಲ. ನಿಜವಾದ ಪರೀಕ್ಷೆ ಇರುವುದು ಆತ್ಮಕೂರಿನ ಆಚೆ, ವೆಂಕಟಾಪುರದಿಂದ ಶ್ರೀಶೈಲದವರೆಗಿನ ಸುಮಾರು 40 ಕಿಲೋಮೀಟರ್ ಅಡವಿಯಲ್ಲಿ. ನಾವು ಮಠದ ವಿದ್ಯಾರ್ಥಿಯಾಗಿದ್ದಾಗ 1985ರಲ್ಲಿ ಮೊದಲ ಬಾರಿ ಈ ದಾರಿಯನ್ನು ನಡೆದೆವು. ಕೊನೆಯ ಬಾರಿ ನಡೆದದ್ದು 2023ರ ಯುಗಾದಿಗೆ. ಈ ನಡುವೆ ಕಂಡುದನ್ನೂ ಕಲಿತುದನ್ನೂ ಹೊಸದಾಗಿ ಹೊರಡಲಿರುವವರ ಮತ್ತು ಅವರನ್ನು ಕಳಿಸಿಕೊಡುವ ಮನೆಯವರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಹಳೆಯ ದಾರಿ

ಶ್ರೀಶೈಲವು ನಲ್ಲಮಲೆ ಬೆಟ್ಟಗಳ ನಡುವೆ, ಕೃಷ್ಣಾ ನದಿಯ ದಕ್ಷಿಣ ದಂಡೆಯ ಮೇಲಿದೆ. ದ್ವಾದಶ ಜ್ಯೋತಿರ್ಲಿಂಗಗಳಲ್ಲಿಯೂ ಅಷ್ಟಾದಶ ಶಕ್ತಿಪೀಠಗಳಲ್ಲಿಯೂ ಎಣಿಸಲ್ಪಡುವ ಈ ಕ್ಷೇತ್ರಕ್ಕೆ ಹಿಂದಿನವರು ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳನ್ನು ಹೇಳಿದ್ದಾರೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಅಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ನಾಲ್ಕು ದಿಕ್ಕಿನ ಯಾತ್ರಿಕರೂ ನಾಲ್ಕು ಭಾಷೆಯವರೂ ಕಾಡು ಹಾಯ್ದು ಇಲ್ಲಿ ಕೂಡುತ್ತಿದ್ದರು. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಪಂಡಿತಾರಾಧ್ಯ ಚರಿತ್ರೆಯಲ್ಲಿ 'ಪರ್ವತ ಪ್ರಕರಣ'ವೆಂಬ ಭಾಗವೇ ಇದೆ. ಶ್ರೀಶೈಲಕ್ಕೆ ಹೋಗುವ ಯಾತ್ರಿಕರ ಪಯಣವನ್ನು ಅದು ವಿಸ್ತಾರವಾಗಿ ವರ್ಣಿಸುತ್ತದೆ. ಅಂದರೆ ಇಂದು ನಮ್ಮವರು ಸವೆಸುತ್ತಿರುವ ಯಾತ್ರೆಗೆ ಏಳು ನೂರು ವರ್ಷಗಳಿಗೂ ಮಿಕ್ಕಿದ ಲಿಖಿತ ಸಾಕ್ಷ್ಯವಿದೆ.

14ನೆಯ ಶತಮಾನದಲ್ಲಿ ರೆಡ್ಡಿ ರಾಜ್ಯದ ಸ್ಥಾಪಕ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲುಗಳನ್ನು ಕಟ್ಟಿಸಿದನೆಂಬ ಕೀರ್ತಿ ಇತಿಹಾಸದಲ್ಲಿ ಉಳಿದಿದೆ. ಅರಸರು ಗೋಪುರ ಕಟ್ಟಿಸುವುದುಂಟು, ಮಂಟಪ ಕಟ್ಟಿಸುವುದುಂಟು. ಆದರೆ ಕಾಲಿಗೆ ಮೆಟ್ಟಿಲು ಹಾಸಿಕೊಟ್ಟವನ ಪುಣ್ಯವನ್ನು ನಡೆಯುವವನು ಮಾತ್ರವೇ ಬಲ್ಲ. ನಾಗಲೂಟಿಯ ಬಳಿಯ ಕಲ್ಲುಮೆಟ್ಟಿಲುಗಳ ಮೇಲೆ ಕಾಲಿಟ್ಟಾಗ, ಅಸಂಖ್ಯಾತ ಪಾದಗಳು ಉಜ್ಜಿ ನುಣುಪಾದ ಆ ಬಂಡೆಗಳು ಅದನ್ನು ತಾವೇ ಹೇಳುವಂತಿವೆ.

ಕನ್ನಡ ಶರಣರಿಗಂತೂ ಈ ಪರ್ವತ ಹೊರಗಿನದಲ್ಲ. ಉಡುತಡಿಯ ಅಕ್ಕಮಹಾದೇವಿಯು ಕಲ್ಯಾಣದ ಅನುಭವಮಂಟಪವನ್ನು ಕಂಡು, ಅಲ್ಲಿಂದ ಒಬ್ಬಂಟಿಯಾಗಿ ಹೊರಟದ್ದು ಶ್ರೀಶೈಲದ ಕದಳಿಗೆ. ಹೇಮರೆಡ್ಡಿ ಮಲ್ಲಮ್ಮನ ಹೆಸರಿನ ಕಣ್ಣೀರ ತಾಣ ಇಂದಿಗೂ ಅಲ್ಲಿನ ದೇವಾಲಯದ ಹಿಂಬದಿಯಲ್ಲಿದೆ. ಇನ್ನು ಸೊನ್ನಲಿಗೆಯ ಸಿದ್ಧರಾಮನ ಕಥೆ ಈ ದಾರಿಯನ್ನು ನಡೆಯುವ ಪ್ರತಿಯೊಬ್ಬರೂ ನೆನೆಯಬೇಕಾದುದು. ಅದನ್ನು ಮುಂದೆ ಹೇಳುತ್ತೇವೆ.

ನೀರಿನ ಹೆಸರಿನ ಊರುಗಳು

ವೆಂಕಟಾಪುರವನ್ನು ಬಿಟ್ಟೊಡನೆ ಊರು ಮುಗಿದು ಅಡವಿ ಪ್ರಾರಂಭವಾಗುತ್ತದೆ. ಮೊದಲ ಮುಖ್ಯ ತಂಗುದಾಣ ನಾಗಲೂಟಿ. ಇಲ್ಲಿ ವೀರಭದ್ರದೇವರ ಪುರಾತನ ಗುಡಿಯಿದೆ. ಗುಡಿಯನ್ನು ದಾಟಿದ ಮೇಲೆ ಮೆಟ್ಟಿಲುಗಳ ಏರು ಶುರುವಾಗುತ್ತದೆ. ಅಲ್ಲಿಂದ ಮುಂದೆ ದಾಮರ್ಲಕುಂಟ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೊನೆಗೆ ಕೈಲಾಸದ್ವಾರ.

ಈ ಹೆಸರುಗಳನ್ನು ಓದುಗರು ಒಮ್ಮೆ ನಿಧಾನವಾಗಿ ಓದಬೇಕು. ತೆಲುಗಿನಲ್ಲಿ ಕುಂಟವೆಂದರೆ ಕುಂಟೆ, ಚೆರುವು ಎಂದರೆ ಕೆರೆ, ಬಾವಿ ನಮ್ಮ ಬಾವಿಯೇ, ಕೊಲನು ಎಂದರೆ ಕೊಳ. ಅಡವಿಯೊಳಗಿನ ಒಂದೊಂದು ನಿಲ್ದಾಣವೂ ನೀರಿನ ಹೆಸರನ್ನೇ ಹೊತ್ತಿದೆ. ಈ ದಾರಿಯನ್ನು ಹುಡುಕಿದವರು ನೆಟ್ಟಗಿನ ಹಾದಿಯನ್ನಾಗಲಿ ಸುಲಭದ ಏರನ್ನಾಗಲಿ ನೋಡಲಿಲ್ಲ. ಒಂದು ನೀರಿನಿಂದ ಇನ್ನೊಂದು ನೀರಿಗೆ ದಾರಿ ಮಾಡಿದರು. ಮನುಷ್ಯನ ದಾಹವೇ ಇಲ್ಲಿ ನಕ್ಷೆ ಬರೆದಿದೆ.

ಇದಕ್ಕೆ ಕಾರಣ ಆ ನೆಲದ ಗುಣ. ಶ್ರೀಶೈಲದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಮಾತ್ರ. ಹಿಮಾಲಯದ ಕೇದಾರದೊಡನೆ ಹೋಲಿಸಿದರೆ ಇದು ದಿಬ್ಬವೇ ಸರಿ. ಆದರೆ ಕೇದಾರದ ಯಾತ್ರಿಕನನ್ನು ಚಳಿಯೂ ಎತ್ತರವೂ ಪರೀಕ್ಷಿಸಿದರೆ ಶ್ರೀಶೈಲದ ಯಾತ್ರಿಕನನ್ನು ಪರೀಕ್ಷಿಸುವುದು ಫಾಲ್ಗುಣದ ಬಿಸಿಲು. ನಲ್ಲಮಲೆಯದು ಎಲೆ ಉದುರಿಸುವ ಒಣಕಾಡು. ಮತ್ತಿ, ದಿಂಡಿಗ, ತೇಗ, ತೂಪರೆ, ಬಿದಿರು ಮುಂತಾದವು ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ತಮ್ಮ ಎಲೆಗಳನ್ನು ತಾವೇ ಕಳಚಿಕೊಳ್ಳುತ್ತವೆ. ಕಾಡಿನೊಳಗೆ ನಡೆಯುತ್ತೇವೆ, ನೆರಳಿರುತ್ತದೆ ಎಂದು ಎಣಿಸಿ ಹೊರಟವನಿಗೆ ಯುಗಾದಿಯ ಮುಂಚಿನ ದಿನಗಳಲ್ಲಿ ಬರಿಗೊಂಬೆಗಳ ಗೆರೆನೆರಳು ಮಾತ್ರ ಸಿಗುತ್ತದೆ. ಕಾಲಡಿಯ ಗಟ್ಟಿ ಬೆಣಚುಬಂಡೆ ಬೆಳಗಿನಿಂದ ಕಾದು ಮಧ್ಯಾಹ್ನ ಬಿಸಿಯನ್ನು ಹಿಂದಕ್ಕೆ ಉಗುಳುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು. ಇವೆರಡರ ನಡುವೆ ಮಲ್ಲಯ್ಯನ ನಾಮವೊಂದೇ ತಂಪು ಎಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿದ್ದೇವೆ. ಆದರೆ ಅದೇ ಹಿರಿಯರು ಸೊಂಟಕ್ಕೆ ನೀರಿನ ತಂಬಿಗೆಯನ್ನು ಕಟ್ಟಿಕೊಳ್ಳುವುದನ್ನು ಎಂದೂ ಮರೆಯುತ್ತಿರಲಿಲ್ಲ.

ಈ ಅಡವಿ ಬರಿದಾಗಿಲ್ಲ. ಚೆಂಚು ಎಂಬ ವನವಾಸಿ ಜನರ ನೆಲೆ ಇದು. ಮಲ್ಲಯ್ಯನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದು, ಆದುದರಿಂದ ಆತ ತಮ್ಮ ಅಳಿಯನೆಂದು ಅವರು ನಂಬುತ್ತಾರೆ. ಅವರ ಬಾಯಲ್ಲಿ ಆತ ಚೆಂಚು ಮಲ್ಲಯ್ಯ. ಆತನನ್ನು ಅಳಿಯನೆಂದು ಕರೆಯುವವರು ನಾವು ಮಾತ್ರವಲ್ಲವೆಂಬುದನ್ನು ನಮ್ಮ ಯಾತ್ರಿಕರು ಅರಿತರೆ, ಆ ಕಾಡಿನ ಜನರ ಗುಡಿಸಲ ಮುಂದೆ ಹಾದುಹೋಗುವಾಗ ಬೀಗರ ಮನೆಯ ಮುಂದೆ ಹಾದಂತೆ ತಲೆಬಾಗಿ ಹೋದಾರು.

ದಾಸೋಹದ ಸರಪಳಿ

ಈ ದಾರಿಯಲ್ಲಿ ಹಣವಿಲ್ಲದವನೂ ಹಸಿದು ಮಲಗಲಾರ. ನಮ್ಮ ಸೀಮೆಯ ಗಡಿಯಿಂದ ಹಿಡಿದು ಅಡವಿಯ ಒಳಗಿನವರೆಗೂ ದಾಸೋಹಗಳು ನಡೆಯುತ್ತವೆ. ತಾವು ನಡೆಯಲಾಗದವರು ನಡೆಯುವವರಿಗೆ ರೊಟ್ಟಿ ಬಡಿದು ಕಳಿಸುತ್ತಾರೆ. ಟ್ರ್ಯಾಕ್ಟರುಗಳಲ್ಲಿ ಅಕ್ಕಿ, ಬೇಳೆ, ನೀರಿನ ಟ್ಯಾಂಕುಗಳು ಬರುತ್ತವೆ. ಕೆಲವರು ಮಜ್ಜಿಗೆಯ ಅರವಟ್ಟಿಗೆ ಇಡುತ್ತಾರೆ. ಇನ್ನು ಕೆಲವರು ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ, ಯಾತ್ರಿಕರ ಕಾಲು ಒತ್ತುತ್ತಾರೆ. ಆಂಧ್ರದ ಹಳ್ಳಿಗಳ ರೈತರು ನಮ್ಮ ಭಾಷೆ ಬಾರದಿದ್ದರೂ "ಮಲ್ಲಯ್ಯ" ಎಂಬ ಒಂದೇ ಶಬ್ದದಿಂದ ಕರೆದು ಕೂಡಿಸಿ ಕಲ್ಲಂಗಡಿ ಹಣ್ಣನ್ನು ಕೈಗಿಡುವುದನ್ನು ನಾವು ಅನೇಕ ಸಲ ಕಂಡಿದ್ದೇವೆ.

ಇಂತಹ ವ್ಯವಸ್ಥೆ ನಮ್ಮಲ್ಲಿ ಮಾತ್ರವೇ ಇದೆಯೆಂದು ಬೀಗಬೇಕಾಗಿಲ್ಲ. ಐರೋಪ್ಯ ಖಂಡದಲ್ಲಿ ಕ್ರೈಸ್ತ ಯಾತ್ರಿಕರು ಸ್ಪೇನಿನ ಸ್ಯಾಂಟಿಯಾಗೊ ಪಟ್ಟಣಕ್ಕೆ ಮಧ್ಯಯುಗದಿಂದ ನಡೆದು ಹೋಗುತ್ತಿದ್ದಾರೆ. ಆ ದಾರಿಯ ಕಠಿಣವಾದ ಹಂತವೆಂದರೆ ಫ್ರಾನ್ಸಿನ ಗಡಿಯಲ್ಲಿ ಪಿರೆನೀಸ್ ಪರ್ವತವನ್ನು ಒಂದೇ ದಿನದಲ್ಲಿ, ಸುಮಾರು 25 ಕಿಲೋಮೀಟರ್ ನಡೆದು ದಾಟುವುದು. ಪರ್ವತದ ಆಚೆಯ ರಾನ್ಸೆಸ್ವಾಯೆಸ್ ಎಂಬ ಊರಿನಲ್ಲಿ 12ನೆಯ ಶತಮಾನದಿಂದಲೇ ಸನ್ಯಾಸಿಗಳು ಯಾತ್ರಿಕರಿಗೆ ಅನ್ನ, ಹಾಸಿಗೆ, ಔಷಧಿಗಳ ವ್ಯವಸ್ಥೆ ಮಾಡಿದ್ದರು. ಇಂದು ನವೆಂಬರಿನಿಂದ ಮಾರ್ಚಿಯವರೆಗೆ ಆ ಎತ್ತರದ ದಾರಿಯನ್ನು ಮುಚ್ಚಿಬಿಡುತ್ತಾರೆ. ಹಿಮದಲ್ಲಿ ಜನ ಜೀವ ಕಳೆದುಕೊಂಡ ಮೇಲೆ ಕಲಿತ ಪಾಠವಿದು. ಅಲ್ಲಿ ಹಿಮ, ಇಲ್ಲಿ ಬಿಸಿಲು. ಭಕ್ತಿ ಎಷ್ಟೇ ದೊಡ್ಡದಾಗಿರಲಿ, ಬೆಟ್ಟ ತನ್ನ ನಿಯಮವನ್ನು ಬಿಟ್ಟುಕೊಡುವುದಿಲ್ಲವೆಂಬುದನ್ನು ಎರಡೂ ಕಡೆಯವರು ಅರಿಯಬೇಕಾಗಿದೆ.

ಭೀಮನಕೊಳ್ಳ

ಭೀಮುನಿಕೊಲನು ಎಂಬ ಹೆಸರನ್ನು ನಮ್ಮವರು ಭೀಮನಕೊಳ್ಳವೆಂದು ಕರೆಯುತ್ತಾರೆ. ತೆಲುಗಿನವರಿಗೆ ಅದು ಕೊಳ, ನಮಗೆ ಕೊಳ್ಳ. ಎರಡೂ ಸತ್ಯವೇ. ಎರಡು ಗುಡ್ಡಗಳ ನಡುವಿನ ಆಳವಾದ ಕಣಿವೆ, ಅದರ ತಳದಲ್ಲಿ ನೀರಿನ ಕೊಳ. ಇಷ್ಟು ದೂರ ಏರಿ ಬಂದ ಯಾತ್ರಿಕನು ಇಲ್ಲಿ ಗಳಿಸಿದ ಎತ್ತರವನ್ನೆಲ್ಲ ಒಮ್ಮೆಗೇ ಕಳೆದುಕೊಂಡು ಕಣಿವೆಯ ತಳಕ್ಕೆ ಇಳಿಯಬೇಕು. ಇಳಿದು ಎದುರಿಗೆ ಗೋಡೆಯಂತೆ ನಿಂತ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಏರಬೇಕು. ಆ ಏರಿನ ತುದಿಯಲ್ಲಿ ಕಲ್ಲಿನ ಬಾಗಿಲೊಂದಿದೆ. ಅದೇ ಕೈಲಾಸದ್ವಾರ. ಅದನ್ನು ದಾಟಿದರೆ ವಾಹನಗಳ ದಾರಿ, ಹಾಟಕೇಶ್ವರ, ಮುಂದೆ ಶ್ರೀಶೈಲ.

ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ದಿನಗಟ್ಟಲೆ ನಡೆದು ಸವೆದ ಕಾಲುಗಳಿಗೆ ಇಳಿಜಾರಿನ ಒಂದೊಂದು ಹೆಜ್ಜೆಯೂ ಪೆಟ್ಟು. ಭೀಮನಕೊಳ್ಳದಲ್ಲಿ ಕಣ್ಣೀರು ಹಾಕಿದ ಗಟ್ಟಿಗರನ್ನು ನಾವು ನೋಡಿದ್ದೇವೆ.

2023ರಲ್ಲಿ ನಮ್ಮ ತಂಡದಲ್ಲಿ ಲಕ್ಷ್ಮೇಶ್ವರದ ಕಡೆಯ ಒಬ್ಬ ವೃದ್ಧ ತಾಯಿ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಹಿಂದೆ ಒಂಬತ್ತು ಸಲ ಈ ದಾರಿಯನ್ನು ನಡೆದವರು. ತಂಡದಲ್ಲಿ ಏಳೆಂಟು ಮಂದಿ ಯುವಕರೂ ಇದ್ದರು. ಅವರು ದಿನಕ್ಕೆ ಎಷ್ಟು ಹೆಜ್ಜೆ, ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಮೊಬೈಲಿನಲ್ಲಿ ಲೆಕ್ಕ ಹಾಕುತ್ತ, ಯಾರು ಮೊದಲು ಮುಟ್ಟುವರೆಂದು ಪಂಥ ಕಟ್ಟಿಕೊಂಡು ನಡೆಯುತ್ತಿದ್ದರು. ಕೊಳ್ಳದ ಇಳಿಜಾರಿನ ನಡುವೆ ಆ ತಾಯಿಯ ಮೊಣಕಾಲು ಹಿಡಿದುಕೊಂಡಿತು. ಒಂದು ಬಂಡೆಗೆ ಒರಗಿ ಕುಳಿತರು. ಹೊತ್ತು ಹತ್ತು ಗಂಟೆಯಾಗಿತ್ತು. ಬಂಡೆ ಕಾಯತೊಡಗಿತ್ತು. ಯುವಕರು ಹಿಂದಿರುಗಿ ನೋಡಿದರು.

"ನಾ ಮೆಲ್ಲಕ ಬರ್ತೀನಿ ತಮ್ಮಾ, ನೀವು ನಡೀರಿ. ಮಲ್ಲಯ್ಯ ನನ್ನ ಕರಕೊಂಡು ಬರ್ತಾನ" ಎಂದರು ಆ ತಾಯಿ.

ಯುವಕರು ಹೊರಟುಹೋದರು. ನಾವೂ ನಮ್ಮ ವಯಸ್ಸಿನ ಇಬ್ಬರೂ ತಾಯಿಯ ಜೊತೆ ಉಳಿದೆವು. ಒದ್ದೆ ಬಟ್ಟೆಯನ್ನು ತಲೆಗೆ ಹೊದಿಸಿ, ಮೊಣಕಾಲಿಗೆ ಬಟ್ಟೆ ಬಿಗಿದು, ಹತ್ತು ಮೆಟ್ಟಿಲಿಗೊಮ್ಮೆ ಕೂಡಿಸುತ್ತ ಕೊಳದವರೆಗೆ ಇಳಿಸಿದೆವು. ನಮ್ಮ ಹತ್ತಿರ ಉಳಿದ ನೀರು ಒಂದು ತಂಬಿಗೆಯಷ್ಟು. ಎದುರಿಗೆ ಕೈಲಾಸದ್ವಾರದ ಏರು.

ಒಂದು ಗಂಟೆ ಕಳೆದಿರಬಹುದು. ಮೇಲಿನ ಮೆಟ್ಟಿಲುಗಳಿಂದ "ಉಘೇ ಉಘೇ" ಎಂಬ ಘೋಷ ಕೇಳಿಸಿತು. ಏರುವವರ ಘೋಷ ದೂರ ಸರಿಯಬೇಕು, ಇದು ಹತ್ತಿರವಾಗುತ್ತಿತ್ತು. ಆ ಯುವಕರಲ್ಲಿ ಐವರು ಕೈಲಾಸದ್ವಾರವನ್ನು ಮುಟ್ಟಿ, ಅಲ್ಲಿನ ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ ತುಂಬಿಕೊಂಡು, ಅಷ್ಟೂ ಮೆಟ್ಟಿಲುಗಳನ್ನು ಮರಳಿ ಇಳಿದು ಬರುತ್ತಿದ್ದರು. ಅವರಲ್ಲೊಬ್ಬ ತಾಯಿಯ ಮುಂದೆ ಮೊಣಕಾಲೂರಿ, "ಯವ್ವಾ, ಮೊದಲು ಮಜ್ಜಿಗಿ ಕುಡೀರಿ. ಆಮೇಲೆ ನಮ್ಮ ಹೆಗಲು ಹಿಡೀರಿ" ಎಂದನು. ತಾಯಿ ಅವನ ಗಲ್ಲ ಸವರಿ, "ಮಲ್ಲಯ್ಯ ಕರಕೊಂಡು ಹೋಗಾಕ ಬರ್ತಾನ ಅಂತ ಹೇಳಿದ್ನಿಲ್ಲೋ ನನ್ನಪ್ಪಾ" ಎಂದರು. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ಕೂಡಿ ಕೈಲಾಸದ್ವಾರವನ್ನು ದಾಟಿದೆವು. ಆ ದಿನದ ಪಂಥದಲ್ಲಿ ಯಾರು ಮೊದಲು ಮುಟ್ಟಿದರೆಂದು ಆಮೇಲೆ ಯಾರೂ ಕೇಳಲಿಲ್ಲ.

ಸ್ಥಾವರವನ್ನು ಅರಸಿ ಏಕೆ?

ಇಲ್ಲಿ ವಿಚಾರವಂತರಾದ ಓದುಗರು ಒಂದು ಪ್ರಶ್ನೆಯನ್ನು ಎತ್ತದಿರಲಾರರು. ಇಷ್ಟಲಿಂಗವನ್ನು ಅಂಗೈಯಲ್ಲಿ ಪಡೆದವರು ನಾವು. ಶರೀರವನ್ನೇ ಶಿವನ ಮನೆಯನ್ನಾಗಿ ಮಾಡಿಕೊಳ್ಳಿರೆಂದು, ತೀರ್ಥಕ್ಷೇತ್ರಗಳ ಅಲೆದಾಟದಿಂದ ಮಾತ್ರ ಮನಸ್ಸು ಶುದ್ಧವಾಗದೆಂದು ಬಸವಾದಿ ಶರಣರು ಎಚ್ಚರಿಸಿದ್ದಾರೆ. ಹಾಗಿರುವಾಗ ನಾಲ್ಕು ನೂರು ಕಿಲೋಮೀಟರ್ ನಡೆದು ಸ್ಥಾವರಲಿಂಗವೊಂದನ್ನು ಕಾಣಲು ಹೋಗುವುದು ಯಾವ ಆಚಾರ? ಮಠದಲ್ಲಿ ಓದುತ್ತಿದ್ದಾಗ ನಮ್ಮ ಸಹಪಾಠಿಗಳು ಇದನ್ನೇ ಕೇಳುತ್ತಿದ್ದರು. ಇಂದಿನ ವಿದ್ಯಾವಂತ ಮಕ್ಕಳೂ ಕೇಳುತ್ತಾರೆ. ಕೇಳುವುದು ನ್ಯಾಯವೇ ಆಗಿದೆ. "ಹಿರಿಯರು ಮಾಡಿದ್ದಾರೆ, ನಾವೂ ಮಾಡುತ್ತೇವೆ" ಎಂಬ ಉತ್ತರದಿಂದ ಅವರ ಬಾಯಿ ಮುಚ್ಚಿಸುವುದು ಶರಣಮಾರ್ಗವಲ್ಲ.

ಉತ್ತರವು ಸಿದ್ಧರಾಮನ ಚರಿತ್ರೆಯಲ್ಲಿದೆ. ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ಹೇಳುವ ಪ್ರಕಾರ, ಹೊಲ ಕಾಯುತ್ತಿದ್ದ ಬಾಲಕ ಸಿದ್ಧರಾಮನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣಲು ಬೇಡುತ್ತಾನೆ. ಬಾಲಕನು ಮನೆಗೋಡಿ ಅನ್ನವನ್ನು ತರುವಷ್ಟರಲ್ಲಿ ಆತ ಮಾಯವಾಗಿರುತ್ತಾನೆ. "ಮಲ್ಲಯ್ಯಾ" ಎಂದು ಅಳುತ್ತ ಅಲೆಯುವ ಮಗುವನ್ನು ಶ್ರೀಶೈಲದ ಯಾತ್ರಿಕರು ಜೊತೆಗೆ ಕರೆದೊಯ್ಯುತ್ತಾರೆ. ಗುಡಿಯಲ್ಲಿ ಲಿಂಗವನ್ನು ತೋರಿಸಿ "ಇವನೇ ಮಲ್ಲಯ್ಯ" ಎಂದರೆ ಮಗು ಒಪ್ಪುವುದಿಲ್ಲ. ತನ್ನನ್ನು ಮಾತನಾಡಿಸಿ ಅನ್ನ ಬೇಡಿದ ಮಲ್ಲಯ್ಯನೇ ಅವನಿಗೆ ಬೇಕು. ಪರ್ವತದಲ್ಲೆಲ್ಲ ಹುಡುಕಿ, ಕಾಣದೆ, ಕಮ್ಮರಿಯೊಳಗೆ ಧುಮುಕಲು ಸಿದ್ಧನಾದಾಗ ಮಲ್ಲಯ್ಯ ಪ್ರತ್ಯಕ್ಷನಾಗಿ ಅವನನ್ನು ಹಿಡಿದು ಉಳಿಸುತ್ತಾನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಒಂದು ದರ್ಶನದ ಕಥೆ ಮಾತ್ರವಾಗುತ್ತಿತ್ತು. ಆದರೆ ಸಿದ್ಧರಾಮನು ಪರ್ವತದಲ್ಲಿಯೇ ಉಳಿಯಲಿಲ್ಲ. ಇಳಿದು ಸೊನ್ನಲಿಗೆಗೆ ಮರಳಿದನು. ಮರಳಿ ಕೆರೆಯನ್ನು ಕಟ್ಟಿಸಿದನು. ಆ ಸೊನ್ನಲಿಗೆ ಇಂದಿನ ಸೊಲ್ಲಾಪುರ. ನಗರದ ನಡುವೆ ಆ ಕೆರೆ ಇಂದಿಗೂ ಇದೆ, ಅದರ ನಡುವೆ ಸಿದ್ಧೇಶ್ವರನ ಗುಡಿಯೂ ಇದೆ. ಶೂನ್ಯಸಿಂಹಾಸನವನ್ನೇರಿದ ಆ ಮಹಾಯೋಗಿಯನ್ನು ಜನ ಇಂದಿಗೂ ನೆನೆಯುವುದು ಕರ್ಮಯೋಗಿಯೆಂದು, ಕೆರೆಯನ್ನು ಕಟ್ಟಿಸಿದವನೆಂದು. ಪರ್ವತವು ಅವನಿಗೆ ಕೊಟ್ಟದ್ದು ಊರಿಗೆ ನೀರಾಗಿ ಹರಿಯಿತು.

ಇದರಿಂದ ನಮಗೆ ತೋರುವುದಿಷ್ಟು. ಪರ್ವತದ ತುದಿಯನ್ನು ಮುಟ್ಟುವುದು ಯಾತ್ರೆಯ ಅರ್ಧ ಮಾತ್ರ. ಏರಿದವನು ಇಳಿದು ಬಂದಾಗ ಅದು ಪೂರ್ಣವಾಗುತ್ತದೆ. ಹಿಂದೆ ಉಳಿದವರಿಗೆ ನೀರು ತಂದವನ ಯಾತ್ರೆಯನ್ನು ಶರಣರು ಅಲ್ಲಗಳೆಯಲಾರರು. ಏಕೆಂದರೆ ಅವನು ಸ್ಥಾವರವನ್ನು ಅರಸಿ ಹೋಗಿ ದಾರಿಯಲ್ಲಿ ಜಂಗಮವನ್ನು ಕಂಡಿದ್ದಾನೆ. ಭೀಮನಕೊಳ್ಳದ ಮೆಟ್ಟಿಲುಗಳನ್ನು ಮರಳಿ ಇಳಿದ ಆ ಐವರು ಯುವಕರಿಗೆ ಈ ಶಾಸ್ತ್ರವನ್ನು ಯಾರೂ ಬೋಧಿಸಿರಲಿಲ್ಲ. ದಾರಿಯೇ ಬೋಧಿಸಿತು. ಬಸ್ಸು ಇದ್ದೂ ನಡೆಯುವುದು ಏಕೆಂಬುದಕ್ಕೆ ಇದಕ್ಕಿಂತ ಬೇರೆ ಸಮಾಧಾನ ನಮ್ಮಲ್ಲಿಲ್ಲ.

ಹೊರಡುವ ಮುನ್ನ

ಭಕ್ತಿಯ ಜೊತೆಗೆ ಬುದ್ಧಿಯೂ ಇರಬೇಕು. ಹೊರಡುವವರಿಗೆ ಕೆಲವು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯ.

ಮೊದಲನೆಯದು ಅಭ್ಯಾಸ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತ್ತಗುಡ್ಡ ನಮ್ಮ ಅಂಗಳದಲ್ಲಿಯೇ ಇದೆ. ಎಪ್ಪತ್ತು ಗಿರಿಗಳಿಗಿಂತ ಕಪ್ಪತ್ತಗಿರಿ ಮೇಲೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಔಷಧಿ ಸಸ್ಯಗಳ ಈ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ನಡೆದ ಹೋರಾಟಕ್ಕೆ ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳವರು ಬೆಂಬಲವಾಗಿ ನಿಂತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದ ಮರುವರ್ಷ, 2019ರಲ್ಲಿ, ಕಪ್ಪತ್ತಗುಡ್ಡವು ವನ್ಯಜೀವಿ ಧಾಮವೆಂದು ಘೋಷಿತವಾಯಿತು. ಪರ್ವತಕ್ಕೆ ಹೊರಡುವವರು ಎರಡು ತಿಂಗಳ ಮುಂಚಿನಿಂದ ವಾರಕ್ಕೊಮ್ಮೆ ನಸುಕಿನಲ್ಲಿ ಗುಡ್ಡದ ಮೇಲಿನ ಕಪ್ಪತ್ತ ಮಲ್ಲಯ್ಯನ ದರ್ಶನಕ್ಕೆ ಹತ್ತಿ ಇಳಿದರೆ, ಭೀಮನಕೊಳ್ಳದಲ್ಲಿ ಮೊಣಕಾಲು ಅವರ ಮಾತನ್ನು ಕೇಳುತ್ತದೆ. ಹತ್ತುವುದರಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಕೈಯಲ್ಲೊಂದು ಗಟ್ಟಿ ಬಡಿಗೆ ಇದ್ದರೆ ಇಳಿಜಾರಿನಲ್ಲಿ ಅದು ಮೂರನೆಯ ಕಾಲು.

ಎರಡನೆಯದು ನೀರು. ಬಿಸಿಲಿನಲ್ಲಿ ಏರು ಹತ್ತುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ಕುಡಿದರೆ ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸೇರಿಸಿ ಕುಡಿಯುವುದನ್ನು ವೈದ್ಯರು ಹೇಳುತ್ತಾರೆ. ಉಪ್ಪು ಹಾಕಿದ ತಿಳಿಮಜ್ಜಿಗೆಯೂ ಒಳ್ಳೆಯದೇ. ನಡೆಯುತ್ತಿದ್ದವನು ಅಸಂಬದ್ಧವಾಗಿ ಮಾತನಾಡತೊಡಗಿದರೆ, ತಡವರಿಸಿದರೆ, ಮೈ ಕೆಂಡದಂತಾದರೆ ಅದನ್ನು ದೇವರು ಮೈಮೇಲೆ ಬಂದುದೆಂದು ತಿಳಿಯಬಾರದು. ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ವೈದ್ಯರಲ್ಲಿಗೆ ಮುಟ್ಟಿಸಬೇಕು. ತಡಮಾಡಿದರೆ ಜೀವಕ್ಕೆ ಅಪಾಯ. ಹೃದಯರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಅಡವಿಯ ದಾರಿಗೆ ಇಳಿಯಬಾರದು. ಬಸ್ಸಿನಲ್ಲಿ ಬಂದವರಿಗೆ ಮಲ್ಲಯ್ಯ ಮುಖ ತಿರುಗಿಸುವುದಿಲ್ಲ.

ಮೂರನೆಯದು ಹೊತ್ತು. ನಸುಕಿನಲ್ಲಿ ಬೆಳಕು ಹರಿಯುತ್ತಲೇ ಗುಂಪಾಗಿ ನಡೆದು, ಹನ್ನೊಂದರಿಂದ ಮೂರರವರೆಗೆ ನೀರಿರುವಲ್ಲಿ ತಂಗಬೇಕು. ಒಂಟಿಯಾಗಿ ಒಳದಾರಿ ಹಿಡಿಯಬಾರದು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಗಟ್ಟಿಗರು ಹಿಂದೆ ಇರುವುದು ನಮ್ಮ ಹಿರಿಯರ ಕ್ರಮ. ಆಗ ಯಾರೂ ಹಿಂದೆ ಬೀಳುವುದಿಲ್ಲ.

ನಾಲ್ಕನೆಯದು ಕಾಡಿನ ಮರ್ಯಾದೆ. ನಾವು ನಡೆಯುವ ಅಡವಿ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. 1983ರಲ್ಲಿ ಹುಲಿ ಯೋಜನೆಗೆ ಸೇರಿದ ಇದು ದೇಶದ ಅತಿ ವಿಸ್ತಾರವಾದ ಹುಲಿಕಾಡುಗಳಲ್ಲಿ ಒಂದು. ಹಬ್ಬದ ದಿನಗಳಲ್ಲಿ ಮಾತ್ರ ನಮಗೆ ದಾರಿ ಬಿಟ್ಟುಕೊಡಲಾಗುತ್ತದೆ. ಆ ಕೆಲವೇ ದಿನಗಳಲ್ಲಿ ನಾವು ಬಿಸಾಡಿ ಬರುವ ಪ್ಲಾಸ್ಟಿಕ್ ಬಾಟಲಿಗಳು, ನೀರಿನ ಪಾಕೀಟುಗಳು, ಊಟದ ತಟ್ಟೆಗಳು ವರ್ಷಪೂರ್ತಿ ಅಲ್ಲಿ ಬಿದ್ದಿರುತ್ತವೆ. ಒಣಗಿದ ಎಲೆಯ ಮೇಲೆ ಆರಿಸದೆ ಬಿಟ್ಟ ಒಲೆಯ ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು. 1985ರಲ್ಲಿ ನಾವು ನಡೆದಾಗ ಕೈಯಲ್ಲಿ ತಂಬಿಗೆ, ಗಂಟಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮುತ್ತುಗದ ಎಲೆ. ಹಿಂದೆ ಉಳಿದುದು ಹೆಜ್ಜೆಯ ಗುರುತು ಮಾತ್ರ. ಸೀರೆ-ಕುಪ್ಪಸ ಹೊತ್ತು ಮಗಳ ಮನೆಗೆ ಹೋದವರು ಅವಳ ಅಂಗಳದಲ್ಲಿ ಕಸ ಸುರಿದು ಬರುವುದುಂಟೆ? ಹೊತ್ತು ಹೋದುದನ್ನು ಹೊತ್ತು ತರುವ ಪದ್ಧತಿಯನ್ನು ಪ್ರತಿ ತಂಡವೂ ಕೈಕೊಳ್ಳಬೇಕು. ದಾಸೋಹ ನಡೆಸುವವರು ಎಲೆಯಲ್ಲಿ ಬಡಿಸಿ, ಟ್ಯಾಂಕಿನ ನೀರನ್ನು ತಂಬಿಗೆಗೆ ಹಾಕಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಇಳಿದು ಬಂದ ಮೇಲೆ

ಪರ್ವತದಿಂದ ಕಂಬಿ ಮರಳಿದ ಮೇಲೆ ಊರೂರುಗಳಲ್ಲಿ ಐದೇಶಿ ನಡೆಯುವುದು ವಾಡಿಕೆ. ಊರವರನ್ನೆಲ್ಲ ಕರೆದು ಪ್ರಸಾದ ಮಾಡಿಸುತ್ತಾರೆ. ದಾರಿಯಲ್ಲಿ ಉಂಡ ದಾಸೋಹದ ಋಣವನ್ನು ಊರಿನಲ್ಲಿ ತೀರಿಸುವ ಸುಂದರವಾದ ಪದ್ಧತಿಯಿದು. ಇದಕ್ಕೆ ಇನ್ನೊಂದನ್ನು ಸೇರಿಸಬೇಕೆಂದು ನಮ್ಮ ಪ್ರಾರ್ಥನೆ. ನಾವು ಮರಳುವುದು ಚೈತ್ರದ ಸುಡುಬಿಸಿಲಿಗೆ. ನಮ್ಮದು ಮಳೆ ಕಡಿಮೆಯ ಸೀಮೆ. ಆ ದಿನಗಳಲ್ಲಿ ಊರಿನ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಹೊಲದ ದಾರಿಯಲ್ಲಿ ದುಡಿಯುವ ಜನ ನೀರಿಗಾಗಿ ಅತ್ತಿತ್ತ ನೋಡುತ್ತಾರೆ. ಪರ್ವತಕ್ಕೆ ಹೋಗಿ ಬಂದ ಒಂದೊಂದು ತಂಡವೂ ತನ್ನ ಊರಿನಲ್ಲಿ ಮೊದಲ ಮಳೆ ಬೀಳುವವರೆಗೆ ಒಂದು ಅರವಟ್ಟಿಗೆಯನ್ನು ನಡೆಸಲಿ. ಸಾಧ್ಯವಿದ್ದವರು ಹೂಳು ತುಂಬಿದ ಊರ ಕೆರೆಗೆ ಒಂದು ದಿನ ಸಲಿಕೆ-ಬುಟ್ಟಿ ಹಿಡಿದು ಇಳಿಯಲಿ. ಕುಂಟ, ಚೆರುವು, ಬಾವಿ, ಕೊಲನು ಎಂದು ನೀರಿನಿಂದ ನೀರಿಗೆ ನಮ್ಮನ್ನು ನಡೆಸಿದ ದಾರಿ ಅದು. ಆ ನೀರನ್ನು ನಾವು ಊರಿಗೂ ಮುಟ್ಟಿಸಬೇಕು.

ಈ ಸಲ ಹೊರಡುವ ಎಲ್ಲ ಸದ್ಭಕ್ತರ ಕಾಲಿಗೆ ಮುಳ್ಳು ತಾಗದಿರಲಿ, ತಂಬಿಗೆ ಬರಿದಾಗದಿರಲಿ. ಮನೆಯಲ್ಲಿ ಕಾದು ಕುಳಿತವರ ಮುಂದೆ ಎಲ್ಲರೂ ಕ್ಷೇಮವಾಗಿ ಮರಳಿ ಬಂದು ನಿಲ್ಲಲಿ. ಶರಣು ಶರಣಾರ್ಥಿಗಳು.